ಡೋಣಿ ಸೀಮೆಯ ದ್ರಾಕ್ಷಿ ಸುಗ್ಗಿ

ವಿಜಯಪುರ ಎಂದರೆ ಪರ ಊರಿನವರಿಗೆ ಗೋಳಗುಮ್ಮಟ. ಶಾಲಾ ಪ್ರವಾಸದ ಬಸ್ಸು ಬೆಳಿಗ್ಗೆ ಬಂದು ನಿಲ್ಲುತ್ತದೆ. ಮಕ್ಕಳು ಪಿಸುಗುಟ್ಟುವ ಗ್ಯಾಲರಿಯಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಕೇಳಿಸಿಕೊಳ್ಳುತ್ತಾರೆ. ಇಬ್ರಾಹಿಂ ರೋಜಾ ನೋಡಿ, ಮಲಿಕ್-ಎ-ಮೈದಾನ್ ತೋಪಿನ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರೆ ಸಂಜೆಗೆ ಬಸ್ಸು ಆಲಮಟ್ಟಿಯ ದಾರಿ ಹಿಡಿಯುತ್ತದೆ. ಅದೇ ಊರಿನಿಂದ ಪಶ್ಚಿಮಕ್ಕೆ, ಅಥಣಿ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಹೋದರೆ ಸಿಗುವ ಇನ್ನೊಂದು ವಿಜಯಪುರವನ್ನು ನೋಡಲು ಬರುವವರು ಕಡಿಮೆ. ಅದು ದ್ರಾಕ್ಷಿಯ ಸೀಮೆ. ಈಗ ತಾಲ್ಲೂಕು ಕೇಂದ್ರವಾಗಿರುವ ತಿಕೋಟಾದ ಸುತ್ತ ರಸ್ತೆಯ ಎರಡೂ ಬದಿಗೆ ಕಲ್ಲುಕಂಬ, ಕಬ್ಬಿಣದ ಕೋನ, ತಂತಿ, ತಂತಿಯ ಮೇಲೆ ಹಸಿರು ಬಳ್ಳಿ. ಇಲ್ಲಿನ ಜನ ಇದನ್ನು ತೋಟ ಎನ್ನುವುದಕ್ಕಿಂತ ‘ದ್ರಾಕ್ಷಿ ಪಡ’ ಎನ್ನುವುದೇ ಹೆಚ್ಚು.

2014ರ ನವೆಂಬರ್ 1ರಂದು ಬಿಜಾಪುರ ಎಂಬ ಹೆಸರು ಹೋಗಿ ವಿಜಯಪುರ ಬಂತು. ಆದರೆ ಬಹಳ ಕಾಲ ಆ ಹೆಸರಿಗೆ ಅಂಟಿಕೊಂಡಿದ್ದ ‘ಬರಗಾಲದ ಜಿಲ್ಲೆ’ ಎಂಬ ಮಾತು ಅಷ್ಟು ಸುಲಭವಾಗಿ ಹೋಗುವಂಥದ್ದಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ಒಮ್ಮೆ ಬಂದರೆ ಒಮ್ಮೆ ಇಲ್ಲ. ಜಿಲ್ಲೆಯ ನಡುವೆ ಹರಿಯುವ ಡೋಣಿ ನದಿಯ ನೀರು ಉಪ್ಪು. ‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎಂಬ ಮಾತು ಇಲ್ಲಿಯದೇ. ನದಿಯ ನೀರು ಕುಡಿಯಲು ಬಾರದಿದ್ದರೂ ಅದರ ದಂಡೆಯ ಎರೆಮಣ್ಣು ಬಿಳಿಜೋಳಕ್ಕೆ ಬಂಗಾರ. ಜೋಳ, ಕಡಲೆ, ಕುಸುಬೆಗಳ ಈ ನಾಡಿಗೆ ದ್ರಾಕ್ಷಿ ಹೇಗೆ ಒಗ್ಗಿತು ಎಂದು ಕೇಳಿದರೆ ಉತ್ತರ ವಿಚಿತ್ರವಾಗಿದೆ. ಯಾವ ಒಣ ಹವೆ ಈ ಜಿಲ್ಲೆಗೆ ಬರಗಾಲದ ಹೆಸರು ತಂದಿತೋ ಅದೇ ಒಣ ಹವೆ ಇಲ್ಲಿ ಒಣದ್ರಾಕ್ಷಿಯನ್ನೂ ಮಾಡಿಕೊಡುತ್ತದೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಇಲ್ಲಿಯ ಗಾಳಿಗೆ ತೇವ ಎಂಬುದೇ ಇರುವುದಿಲ್ಲ. ಬಟ್ಟೆ ಒಗೆದು ಹಾಕಿ ತಿರುಗಿ ನೋಡುವುದರೊಳಗೆ ಒಣಗಿರುತ್ತದೆ. ಹಣ್ಣೂ ಹಾಗೆಯೇ.

ಪದಗಳೂ ಈ ಕಥೆಯನ್ನು ಹೇಳುತ್ತವೆ. ದ್ರಾಕ್ಷಿ ಸಂಸ್ಕೃತದಿಂದ ಬಂದ ಮಾತು, ಅಂಗೂರ ಪಾರಸಿಯಿಂದ ಬಂದದ್ದು. ಗಡಿಯ ಆಚೆಗಿನ ಸಾಂಗಲಿ, ತಾಸಗಾಂವ ಪೇಟೆಗಳಲ್ಲಿ ಒಣದ್ರಾಕ್ಷಿಗೆ ಬೇದಾಣಾ ಎನ್ನುತ್ತಾರೆ. ಅದೂ ಪಾರಸಿಯೇ, ‘ಬೇ’ ಎಂದರೆ ಇಲ್ಲದ, ‘ದಾನಾ’ ಎಂದರೆ ಕಾಳು, ಬೀಜ. ಬೀಜವಿಲ್ಲದ್ದು ಎಂದು ಅರ್ಥ. ದಖ್ಖನಿನಲ್ಲಿ ದ್ರಾಕ್ಷಿ ಹೊಸದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಯಾತ್ರಿಕ ಇಬ್ನ್ ಬತೂತ, ದೌಲತಾಬಾದಿನಲ್ಲಿ ದ್ರಾಕ್ಷಿ ಮತ್ತು ದಾಳಿಂಬೆ ವರ್ಷಕ್ಕೆರಡು ಸಲ ಫಲ ಕೊಡುತ್ತವೆಂದು ಬರೆದಿಟ್ಟಿದ್ದಾನೆ. ಆದರೆ ಇಂದು ತಿಕೋಟಾದ ಪಡಗಳಲ್ಲಿ ಹೆಚ್ಚಾಗಿ ಕಾಣುವ ಥಾಂಪ್ಸನ್ ಸೀಡ್‌ಲೆಸ್ ಬಂದ ದಾರಿ ಇನ್ನೂ ಸುತ್ತುಬಳಸಿನದು. ಪಶ್ಚಿಮ ಏಷ್ಯಾದ ಸುಲ್ತಾನಾ ತಳಿಗೆ ಕ್ಯಾಲಿಫೋರ್ನಿಯಾದ ವಿಲಿಯಂ ಥಾಂಪ್ಸನ್ ಎಂಬ ಬೆಳೆಗಾರನ ಹೆಸರು ಅಂಟಿ, ಆ ಹೆಸರಿನಲ್ಲೇ ಅದು ನಮ್ಮ ದೇಶಕ್ಕೆ ಬಂತು. ಮಹಾರಾಷ್ಟ್ರದ ರೈತರು ತಮ್ಮ ತೋಟಗಳಲ್ಲಿ ಅದರೊಳಗಿನ ಭಿನ್ನ ಬಳ್ಳಿಗಳನ್ನು ಗುರುತಿಸಿ ತಾಸ್-ಎ-ಗಣೇಶ, ಸೋನಾಕಾ, ಮಾಣಿಕ್ ಚಮನ್ ಎಂಬ ತಳಿಗಳನ್ನು ಮಾಡಿಕೊಂಡರು. ಅವೆಲ್ಲ ಗಡಿ ದಾಟಿ ಇಲ್ಲಿಗೂ ಬಂದಿವೆ. ಬೇರು ಮಾತ್ರ ಇನ್ನೊಂದು ದೇಶದ್ದು. ಉಪ್ಪುನೀರು, ಬರ ಎರಡನ್ನೂ ತಾಳಿಕೊಳ್ಳುವ ‘ಡಾಗ್‌ರಿಡ್ಜ್’ ಎಂಬ ಅಮೆರಿಕದ ಕಾಡುದ್ರಾಕ್ಷಿಯ ಗಿಡ ನೆಟ್ಟು, ಅದರ ಮೇಲೆ ಬೇಕಾದ ತಳಿಯನ್ನು ಕಸಿ ಕಟ್ಟುತ್ತಾರೆ.

ವರ್ಷಕ್ಕೆರಡು ಚಾಟ್ನಿ, ಒಂದೇ ಬೆಳೆ

ನಾನು ಉಳಿದುಕೊಂಡದ್ದು ತಿಕೋಟಾದಿಂದ ಸ್ವಲ್ಪ ಒಳಗೆ, ಒಂದು ತೋಟದ ವಸ್ತಿಯಲ್ಲಿ. ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡು ಇರುವುದಕ್ಕೆ ಇಲ್ಲಿ ವಸ್ತಿ ಎನ್ನುತ್ತಾರೆ. ಎರಡೂವರೆ ಎಕರೆ ದ್ರಾಕ್ಷಿ, ಮೂರು ಎಕರೆ ಜೋಳ, ಎರಡು ಎಮ್ಮೆ, ಒಂದು ಕೊಳವೆಬಾವಿ, ಒಂದು ಒಣಗಿಸುವ ಶೆಡ್ಡು. ಮನೆಯಲ್ಲಿ ಯಜಮಾನರು, ಅವರ ಹೆಂಡತಿ, ವಯಸ್ಸಾದ ತಾಯಿ, ಪಿಯುಸಿ ಎರಡನೇ ವರ್ಷದ ಮಗಳು, ಎಂಟನೇ ಇಯತ್ತೆಯ ಮಗ. ಆ ಅಜ್ಜಿಯನ್ನು ಮನೆಯವರಷ್ಟೇ ಅಲ್ಲ, ಸುತ್ತಲಿನ ನಾಲ್ಕು ವಸ್ತಿಯವರೂ ಆಯಿ ಎಂದೇ ಕರೆಯುತ್ತಾರೆ.

ದ್ರಾಕ್ಷಿಯ ವರ್ಷವನ್ನು ನನಗೆ ಮೊದಲು ವಿವರಿಸಿದವಳು ಮಗಳು. ಚಳಿದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ತಾನೇ ಏಳುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದ್ದರಿಂದ ರೈತನೇ ಕತ್ತರಿ ಹಿಡಿದು ಅದಕ್ಕೆ ಋತು ತೋರಿಸಬೇಕು. ಕೊಯ್ಲು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಒಂದು ಚಾಟ್ನಿ, ಅಂದರೆ ಕತ್ತರಿಸುವುದು. ಆಗ ಬರುವ ಹೊಸ ಕಡ್ಡಿಗಳಲ್ಲಿ ಹಣ್ಣು ಬಿಡುವುದಿಲ್ಲ. ಆದರೆ ಮುಂದಿನ ವರ್ಷ ಎಷ್ಟು ಹಣ್ಣು ಎಂಬುದು ಆ ಕಡ್ಡಿಯ ಕಣ್ಣುಗಳೊಳಗೆ, ಬೇಸಿಗೆಯ ಬಿಸಿಲಿನಲ್ಲಿ, ಯಾರಿಗೂ ಕಾಣದಂತೆ ತೀರ್ಮಾನವಾಗುತ್ತದೆ. ಎರಡನೆಯದು ಅಕ್ಟೋಬರ್ ಚಾಟ್ನಿ. ಕಡ್ಡಿಯಲ್ಲಿ ಕೆಲವೇ ಕಣ್ಣು ಉಳಿಸಿ ಕತ್ತರಿಸಿ, ಅವು ಒಟ್ಟಿಗೆ ಒಡೆಯಲಿ ಎಂದು ಔಷಧ ಸವರುತ್ತಾರೆ. ಆ ಔಷಧ ಬಲು ಖಾರದ್ದು. ಕೈಗವಸು ಬೇಕೇ ಬೇಕು, ಸವರಿದವರು ಆ ದಿನಗಳಲ್ಲಿ ಮದ್ಯ ಮುಟ್ಟಿದರೆ ಜೀವಕ್ಕೇ ಅಪಾಯ. ಅಲ್ಲಿಂದ ನಾಲ್ಕು, ನಾಲ್ಕೂವರೆ ತಿಂಗಳಿಗೆ ಹಣ್ಣು.

“ಬಯಾಲಜಿ ಪುಸ್ತಕದಾಗ ಇದು ಇಲ್ಲೇನವಾ?” ಎಂದು ಕೇಳಿದೆ.

“ಹಾರ್ಮೋನ್ ಅಂತ ಒಂದು ಪಾಠ ಐತ್ರಿ ಸರ್. ಅದರಾಗ ಜಿಬ್ಬರೆಲಿನ್ ಅಂತ ಒಂದು ಸಾಲು ಬರ್ತದ. ನಾವು ಅದನ್ನ ಡಬ್ಬಿಗಟ್ಟಲೆ ತರ್ತೀವಿ” ಎಂದು ನಕ್ಕಳು. ಗೊಂಚಲು ಉದ್ದವಾಗಲು, ಕಾಳು ದಪ್ಪವಾಗಲು ಅದನ್ನು ಅಳತೆ ಮೀರದಂತೆ ನೀರಿನಲ್ಲಿ ಕಲಸಿ ಬಳಸುತ್ತಾರೆ.

ಹೂವಿನ ಕಾಲ ನವೆಂಬರ್. ಆಗ ಮೋಡ ಕವಿದು ತುಂತುರು ಬಿದ್ದರೆ ಬಳ್ಳಿಗೆ ದಾವಣಿ ರೋಗ ತಪ್ಪಿದ್ದಲ್ಲ. ಅದಕ್ಕೆ ಹೊಡೆಯುವ ಔಷಧಗಳಲ್ಲಿ ಹಳೆಯದು ಬೋರ್ಡೋ ದ್ರಾವಣ, ಎಂದರೆ ಮೈಲುತುತ್ತ ಮತ್ತು ಸುಣ್ಣ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ಹಣ್ಣು ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ರೈತರು ಇದನ್ನು ಚಿಮುಕಿಸುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದಿದ್ದುದನ್ನು ಕಂಡ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಔಷಧವೆಂದು ಪ್ರಕಟಿಸಿದ. ಕಳ್ಳರಿಗಾಗಿ ಹೊಡೆದದ್ದು ರೋಗಕ್ಕೆ ಮದ್ದಾಯಿತು! ಈ ಕಥೆಯನ್ನು ಆ ಹುಡುಗಿಗೆ ಹೇಳಿದಾಗ ಅವಳು ಅದನ್ನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡಳು. ಅದೇ ಪುಸ್ತಕದ ಮುಂಬದಿಯಲ್ಲಿ ತೋಟದ ಲೆಕ್ಕವಿತ್ತು. ಯಾವ ದಿನ ಯಾವ ಔಷಧ, ಎಷ್ಟು ಟ್ಯಾಂಕು, ಎಷ್ಟು ಖರ್ಚು ಎಂದು ಅವಳು ಹೈಸ್ಕೂಲಿನಲ್ಲಿದ್ದಾಗಿನಿಂದಲೂ ಬರೆದಿಟ್ಟಿದ್ದಾಳೆ.

ಮುಯ್ಯಾಳಿನ ಬಲ

ನಮ್ಮ ನಾಡಿನಲ್ಲಿ ಮುಯ್ಯಾಳು ಎಂಬ ಹಳೆಯ ಪದ್ಧತಿಯಿದೆ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು; ದುಡ್ಡಿನ ಮಾತಿಲ್ಲ. ಯಂತ್ರ ಬಂದ ಕಡೆ ಇದು ಮರೆಯಾಗಿದೆ. ಆದರೆ ದ್ರಾಕ್ಷಿಯ ಗೊಂಚಲನ್ನು ಕೈಯಿಂದಲೇ ಕತ್ತರಿಸಬೇಕು. ಕಾಳಿನ ಮೇಲಿನ ಬೂದಿಯಂಥ ಮೇಣ ಅಳಿಸದಂತೆ ತೊಟ್ಟು ಹಿಡಿದೇ ಎತ್ತಬೇಕು. ಈ ನಾಲ್ಕೈದು ವಸ್ತಿಗಳವರು ಅಕ್ಟೋಬರ್‌ನಲ್ಲೇ ಕೂತು ಮಾತಾಡಿ, ಚಾಟ್ನಿಯ ದಿನಗಳನ್ನು ಒಬ್ಬರಿಂದೊಬ್ಬರಿಗೆ ನಾಲ್ಕಾರು ದಿನ ಹಿಂದುಮುಂದು ಮಾಡಿಕೊಳ್ಳುತ್ತಾರೆ. ಆಗ ಕೊಯ್ಲೂ ಒಂದರ ಹಿಂದೊಂದು ಬರುತ್ತದೆ. ಒಂದೇ ತಂಡ ಎಲ್ಲರ ಪಡಕ್ಕೂ ಸುತ್ತುತ್ತದೆ. ಊರಿನಿಂದ ಕೂಲಿಗೆ ಬರುವ ಹೆಣ್ಣುಮಕ್ಕಳಿಗೂ ಇದರಿಂದ ಒಂದು ದಿನ ಕೆಲಸ, ಎರಡು ದಿನ ಖಾಲಿ ಎಂಬ ಪಾಡಿಲ್ಲದೆ ಮೂರು ನಾಲ್ಕು ವಾರ ಬಿಡದೆ ಕೂಲಿ ಸಿಗುತ್ತದೆ.

ಬೆಳಗಿನ ಜಾವಕ್ಕೇ ಕೆಲಸ ಶುರು. ಮಂದ ಬೆಳಕಿನಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲು ಹಿಡಿದು, ಕತ್ತರಿ ಕಿಟಿಕಿಟಿ ಎನ್ನಿಸುತ್ತ ನಡೆಯುತ್ತಾರೆ. ಗಂಡಸರು ತುಂಬಿದ ಪ್ಲಾಸ್ಟಿಕ್ ಕ್ರೇಟುಗಳನ್ನು ಹೆಗಲಿಗೇರಿಸಿ ಶೆಡ್ಡಿಗೆ ಹೊರುತ್ತಾರೆ. ಹಣ್ಣು ಸಿದ್ಧವಾಗಿದೆಯೇ ಎಂದು ನೋಡಲು ಯಜಮಾನರ ಕಿಸೆಯಲ್ಲಿ ಒಂದು ಪುಟ್ಟ ದುರ್ಬೀನಿನಂಥ ಸಾಧನವಿದೆ. ಒಂದು ಹನಿ ರಸ ಹಾಕಿ ಬೆಳಕಿಗೆ ಹಿಡಿದರೆ ಸಕ್ಕರೆ ಎಷ್ಟಿದೆ ಎಂದು ತೋರಿಸುತ್ತದೆ. ಹಾಗೇ ತಿನ್ನುವ ಹಣ್ಣಿಗೆ 16–18 ಡಿಗ್ರಿ ಸಾಕು. ಒಣಗಿಸಲು 22ರ ಸುಮಾರಿಗೆ ಬರಬೇಕು. ಆಯಿಗೆ ಮಾತ್ರ ಆ ಸಾಧನ ಬೇಡ. ಗೊಂಚಲಿನ ತುದಿಯ ಒಂದು ಕಾಳು ಬಾಯಿಗೆ ಹಾಕಿಕೊಂಡು, “ಇನ್ನ ನಾಕು ದಿವಸ ಬಿಡ್ರಿ” ಎನ್ನುತ್ತಾರೆ. ತುದಿಯ ಕಾಳೇ ಏಕೆ ಎಂದರೆ ಗೊಂಚಲಿನಲ್ಲಿ ಕೊನೆಗೆ ಸಿಹಿಯಾಗುವುದು ಅದು.

ಹತ್ತು ಗಂಟೆಗೆ ಬುತ್ತಿ ಬಿಚ್ಚುತ್ತಾರೆ. ಕಟಿ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣಗಾಯಿ, ಕೆನೆಮೊಸರು, ಗುದ್ದಿದ ಉಳ್ಳಾಗಡ್ಡಿ. ಹೊಲದ ಒಡತಿಯೂ ಕೂಲಿಯವರೂ ಒಂದೇ ಸುತ್ತಿನಲ್ಲಿ ಬಳ್ಳಿಯ ನೆರಳಿಗೆ ಕೂತು, ಒಬ್ಬರ ಪಲ್ಯ ಇನ್ನೊಬ್ಬರ ರೊಟ್ಟಿಗೆ ಹಂಚಿಕೊಳ್ಳುತ್ತಾರೆ. ಎಳ್ಳಮಾವಾಸ್ಯೆಗೆ ಇದೇ ಜಾಗದಲ್ಲಿ ಇವರೆಲ್ಲ ಕೂತು ಚರಗ ಚೆಲ್ಲಿ ಉಂಡಿದ್ದರಂತೆ. ಆಗ ಕಾಳು ಇನ್ನೂ ಹುಳಿ.

ಶೆಡ್ಡಿನ ಕೆಲಸ ಇನ್ನೊಂದು ಬಗೆಯದು. ನೂರು ಲೀಟರ್ ನೀರಿಗೆ ಎರಡೂವರೆ ಕಿಲೋ ಪೊಟ್ಯಾಸಿಯಂ ಕಾರ್ಬೊನೇಟು, ಒಂದೂವರೆ ಲೀಟರ್ ‘ಡಿಪ್ಪಿಂಗ್ ಆಯಿಲ್’ ಕಲಸಿದ ತೊಟ್ಟಿಯಲ್ಲಿ ಗೊಂಚಲುಗಳನ್ನು ಕೆಲವು ನಿಮಿಷ ಅದ್ದಿ ತೆಗೆಯುತ್ತಾರೆ. ಕಾಳಿನ ಮೇಲಿನ ಮೇಣದ ಪದರ ಸಡಿಲವಾಗಿ ಒಳಗಿನ ನೀರಿಗೆ ದಾರಿಯಾಗುತ್ತದೆ. ಭೂಮಧ್ಯ ಸಮುದ್ರದ ದಂಡೆಯ ರೈತರು ಬಹು ಹಿಂದೆ ಬೂದಿಯ ತಿಳಿನೀರು ಮತ್ತು ಆಲಿವ್ ಎಣ್ಣೆಯಿಂದ ಮಾಡುತ್ತಿದ್ದದ್ದೂ ಇದನ್ನೇ. ಆಮೇಲೆ ಶೆಡ್ಡಿನೊಳಗೆ ಒಂದರ ಮೇಲೊಂದು ಕಟ್ಟಿದ ಬಲೆಯ ಅಟ್ಟಗಳ ಮೇಲೆ ಹರಡಬೇಕು. ಬಿಸಿಲು ನೇರ ಬಿದ್ದರೆ ಹಣ್ಣು ಕಂದುತ್ತದೆ. ನೆರಳಲ್ಲಿ ಗಾಳಿಗೆ ಒಣಗಿದರೆ ಹಸಿರು ಉಳಿಯುತ್ತದೆ, ಹಸಿರಿಗೆ ಪೇಟೆಯಲ್ಲಿ ಬೆಲೆ. ಸುಮಾರು ಹದಿನೈದು ದಿನ. ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಆಗುತ್ತದೆ.

ಒಂದು ಸಂಜೆಯ ಮೋಡ

ಆ ಹದಿನೈದು ದಿನಗಳೇ ವರ್ಷದ ಕಷ್ಟದ ದಿನಗಳು. ಸಾಲ ತಂದು ಹಾಕಿದ ಗೊಬ್ಬರ, ಔಷಧ, ಕೂಲಿ ಎಲ್ಲವೂ ಆಗ ಬಲೆಯ ಮೇಲೆ ಹರಡಿಕೊಂಡಿರುತ್ತವೆ. ಮಳೆ ಬಂದರೆ, ಮಳೆಯೇ ಬೇಡ, ಎರಡು ದಿನ ತೇವದ ಗಾಳಿ ಬೀಸಿದರೂ ಕಾಳು ಕಪ್ಪಾಗುತ್ತದೆ, ಬೂಸು ಹಿಡಿಯುತ್ತದೆ. ಮಾಲು ಅದೇ, ಬೆಲೆ ಮಾತ್ರ ಬೇರೆ.

ಮಾರ್ಚ್ ಕೊನೆಯ ವಾರ ನಾನಿದ್ದಾಗಲೇ ಒಂದು ಸಂಜೆ ನೈಋತ್ಯಕ್ಕೆ ಮೋಡ ಎದ್ದಿತು. ಐದೂವರೆಗೆ ಗುಡುಗು. ಯಾರೂ ಯಾರನ್ನೂ ಕರೆಯಲಿಲ್ಲ. ಅತ್ತಲಿನ ವಸ್ತಿಯಿಂದ ಇಬ್ಬರು ಮೋಟರ್ ಸೈಕಲ್ಲಿನಲ್ಲಿ, ಇತ್ತಲಿಂದ ಮೂವರು ಓಡುತ್ತ ಬಂದರು. ಶೆಡ್ಡಿನ ಸುತ್ತ ಸುತ್ತಿಟ್ಟಿದ್ದ ತಾಡಪತ್ರಿಗಳನ್ನು ಇಳಿಸಿ ಹಗ್ಗ ಬಿಗಿಯುವ ಕೆಲಸ. ಗಾಳಿ ತಾಡಪತ್ರಿಯನ್ನು ಹಾಯಿಯ ಹಾಗೆ ಉಬ್ಬಿಸುತ್ತಿತ್ತು. ಮರುದಿನ ಪರೀಕ್ಷೆಯಿದ್ದ ಮಗಳು ಪುಸ್ತಕ ಮಡಚಿಟ್ಟು ಹೊರಗೆ ಬಂದಳು. “ನೀ ಒಳಗ ಹೋಗವಾ, ನಾವದೀವಿ” ಎಂದು ಆಯಿ ಗದರಿದರು. ಅವಳು ಹೋಗಲಿಲ್ಲ. ಮೂಲೆಯ ಹಗ್ಗವನ್ನು ಕೈಗೆ ಸುತ್ತಿಕೊಂಡು ಗಾಳಿ ನಿಲ್ಲುವವರೆಗೂ ನಿಂತಳು. ನಾಲ್ಕು ದಪ್ಪ ಹನಿ ಬಿದ್ದವು. ಮೋಡ ಉತ್ತರಕ್ಕೆ ಸರಿಯಿತು. ಬಂದವರು ಚಹಾ ಕುಡಿದು, ಬ್ಯಾಟರಿ ಹಿಡಿದು ತಮ್ಮ ತಮ್ಮ ಶೆಡ್ಡು ನೋಡಲು ಹೋದರು. ಅವಳು ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮತ್ತೆ ಓದಲು ಕೂತಳು.

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳೂ ದ್ರಾಕ್ಷಿ ಸುಗ್ಗಿಯೂ ಒಟ್ಟಿಗೇ ಬರುವುದು ಈ ಭಾಗದ ಮಕ್ಕಳ ಹಣೆಬರಹ. “ಬಳ್ಳಿ ಕೇಳೂದಿಲ್ರಿ, ಮನ್ಯಾಗ ಮದಿವಿ ಐತೋ ಪರೀಕ್ಷಾ ಐತೋ ಅಂತ” ಎಂದರು ಯಜಮಾನರು. ಅವರು ಎಸ್ಸೆಸ್ಸೆಲ್ಸಿಗೇ ಶಾಲೆ ಬಿಟ್ಟವರು. ಆ ವರ್ಷವೂ ಕೊಯ್ಲಿಗೆ ಕೈ ಸಾಲದೆ ಪರೀಕ್ಷೆಗೆ ಹೋಗಲಾಗಲಿಲ್ಲವಂತೆ. ಆದ್ದರಿಂದ ಈ ಮನೆಯಲ್ಲಿ ಒಂದು ನಿಯಮ: ಫೆಬ್ರವರಿ ಒಂದರಿಂದ ಪರೀಕ್ಷೆ ಮುಗಿಯುವವರೆಗೆ ಮಕ್ಕಳಿಗೆ ಪಡದ ಕೆಲಸ ಹೇಳುವಂತಿಲ್ಲ. ಅವರ ಪಾಲಿನ ಕೆಲಸಕ್ಕೆ ಬದಲಾಳಿಗೆ ಕೂಲಿ ಕೊಟ್ಟರೂ ಸರಿ. ಸುತ್ತಲಿನ ವಸ್ತಿಗಳೂ ಈಗ ಅದನ್ನೇ ಪಾಲಿಸುತ್ತಿವೆ. ಮುಯ್ಯಾಳಿನ ಲೆಕ್ಕದಲ್ಲಿ ಪರೀಕ್ಷೆ ಬರೆಯುವ ಮಗು ಇರುವ ಮನೆಯವರು ಒಂದಾಳು ಕಡಿಮೆ ಕಳಿಸಿದರೂ ಯಾರೂ ಕೇಳುವುದಿಲ್ಲ.

ನೀರಿನ ಮಾತು, ಮುಂದಿನ ಮಾತು

ಮಳೆ ಬೇಡ ಎನ್ನುವ ಇದೇ ಜನ ಉಳಿದ ತಿಂಗಳಲ್ಲಿ ನೀರಿಗಾಗಿ ಪಟ್ಟ ಪಾಡು ಸಣ್ಣದಲ್ಲ. ಕೊಳವೆಬಾವಿ ಬತ್ತಿದ ವರ್ಷಗಳಲ್ಲಿ ಟ್ಯಾಂಕರಿನಲ್ಲಿ ನೀರು ತಂದು, ಹನಿ ನೀರಾವರಿಯ ಕೊಳವೆಯಲ್ಲಿ ಬಳ್ಳಿಗೆ ಗುಟುಕು ಗುಟುಕಾಗಿ ಕುಡಿಸಿ ಉಳಿಸಿಕೊಂಡವರಿದ್ದಾರೆ. ಉಳಿಸಿಕೊಳ್ಳಲಾಗದೆ ಕಡಿದು ಹಾಕಿದವರೂ ಇದ್ದಾರೆ. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ 2023 ದೂರದ ಮಾತಲ್ಲ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರಲ್ಲಿ. ಅದೇ ಕೃಷ್ಣೆಯ ನೀರು ಏತ ನೀರಾವರಿಯ ಮೂಲಕ ತಿಕೋಟಾ, ಬಬಲೇಶ್ವರ ಭಾಗದ ಎತ್ತರದ ಹೊಲಗಳ ಕಡೆಗೆ ಬಂದದ್ದು ಈಚಿನ ವರ್ಷಗಳಲ್ಲಿ. ನೀರು ಬಂದ ಕಡೆ ಕೆಲವರು ಕಬ್ಬಿಗೆ ತಿರುಗಿದ್ದಾರೆ. “ಕಬ್ಬಿಗೆ ನಿದ್ದಿ ಕೆಡೂದಿಲ್ರಿ” ಎಂಬುದು ಅವರ ವಾದ. ದ್ರಾಕ್ಷಿ ಬಿಡದವರು, ಕಬ್ಬಿಗೆ ಬೇಕಾಗುವ ನೀರಿನಲ್ಲಿ ಎಷ್ಟೋ ಪಾಲು ಹೆಚ್ಚು ದ್ರಾಕ್ಷಿ ಬೆಳೆಯಬಹುದೆನ್ನುತ್ತಾರೆ.

ಒಣಗಿಸುವ ಶೆಡ್ಡಿನ ಬೆಲೆ ಇವರಿಗೆ ಚೆನ್ನಾಗಿ ಗೊತ್ತಾದದ್ದು 2020ರ ಮಾರ್ಚಿನಲ್ಲಿ. ಸುಗ್ಗಿಯ ನಡುವೆಯೇ ಲಾಕ್‌ಡೌನ್ ಬಂತು. ಲಾರಿಯಿಲ್ಲ, ಪೇಟೆಯಿಲ್ಲ. ಹಸಿ ಹಣ್ಣು ಮಾರುವವರ ಗೊಂಚಲು ಬಳ್ಳಿಯಲ್ಲೇ ಕೊಳೆಯತೊಡಗಿತು. ಶೆಡ್ಡು ಇದ್ದವರು ತಮ್ಮದರ ಜೊತೆಗೆ ಇಲ್ಲದವರ ಹಣ್ಣನ್ನೂ ಒಣಗಿಸಲು ಜಾಗ ಕೊಟ್ಟರು. ಒಣಗಿದ ಹಣ್ಣು ಕಾಯಬಲ್ಲದು. ಶೀತಲಗೃಹದಲ್ಲಿಟ್ಟರೆ ಬೆಲೆ ಬರುವವರೆಗೂ ಕಾಯುತ್ತದೆ. ಹಾಗೆ ಕಾಯಲು ಬೇಕಾದ ಶೀತಲಗೃಹಕ್ಕಾಗಿ, ದೊಡ್ಡ ಪೇಟೆಗಾಗಿ ಇಂದಿಗೂ ಅನೇಕರು ಸಾಂಗಲಿ, ತಾಸಗಾಂವಕ್ಕೆ ಮಾಲು ಒಯ್ಯುತ್ತಾರೆ.

ಮಗಳು ಮುಂದೇನು ಓದುತ್ತಾಳೆ? ಅಪ್ಪನಿಗೆ ಅವಳು ನರ್ಸಿಂಗ್ ಓದಿ ನೌಕರಿ ಹಿಡಿಯಲಿ ಎಂದಿದೆ. “ಮೋಡ ನೋಡಿ ಎದಿ ಹೊಡ್ಕೊಳ್ಳೂ ಬಾಳೇ ಬ್ಯಾಡ” ಎನ್ನುತ್ತಾರೆ. ಅವಳಿಗೆ 2008ರಲ್ಲಿ ಬಾಗಲಕೋಟೆಯಲ್ಲಿ ಆರಂಭವಾದ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ತೋಟಗಾರಿಕೆ ಪದವಿ ಓದುವ ಆಸೆ. ಸಿಇಟಿ ಬರೆಯಬೇಕು. ಕೃಷಿಕರ ಮಕ್ಕಳಿಗೆ ಮೀಸಲು ಸ್ಥಾನಗಳಿವೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಉಪಕರಣಗಳನ್ನು ಗುರುತಿಸುವ ಆ ಪರೀಕ್ಷೆಗೆ ಅವಳು ಬೇರೆ ತಯಾರಿ ಮಾಡಬೇಕಾದ್ದು ಕಡಿಮೆ. ಅಪ್ಪ ಮಗಳ ಈ ಚರ್ಚೆ ನಾನಿದ್ದ ನಾಲ್ಕು ದಿನವೂ ಊಟದ ಹೊತ್ತಿಗೆ ನಡೆಯಿತು, ತೀರ್ಮಾನವಾಗಲಿಲ್ಲ. ಕೊನೆಯ ದಿನ ಆಯಿ ಮಾತ್ರ ಮಗನಿಗೆ ಒಂದು ಮಾತು ಹೇಳಿದರು: “ನಿನಗ ಓದಾಕ ಆಗಲಿಲ್ಲ ಅಂತ ತ್ವಾಟಕ್ಕ ಬಂದಿ. ಆಕಿ ಓದಿ ತ್ವಾಟಕ್ಕ ಬರ್ತೀನಿ ಅಂತಾಳ. ಎರಡೂ ಒಂದ ಏನೋ?” ಯಜಮಾನರು ಉತ್ತರ ಕೊಡಲಿಲ್ಲ. ಮಗಳ ಲೆಕ್ಕದ ಪುಸ್ತಕ ತರಿಸಿಕೊಂಡು, ಹಿಂದಿನ ವರ್ಷ ಔಷಧಕ್ಕೆ ಎಷ್ಟು ಖರ್ಚಾಗಿತ್ತು ಎಂದು ನೋಡುತ್ತ ಬಹಳ ಹೊತ್ತು ಕೂತಿದ್ದರು.

ಈ ಸೀಮೆಯನ್ನು ನೋಡಬೇಕೆನ್ನುವವರಿಗೆ ಫೆಬ್ರವರಿ ನಡುವಿನಿಂದ ಏಪ್ರಿಲ್ ಮೊದಲ ವಾರದವರೆಗಿನ ಕಾಲ ಒಳ್ಳೆಯದು. ವಿಜಯಪುರದಿಂದ ಅಥಣಿ ಕಡೆಗೆ ಹೋಗುವ ಬಸ್ಸುಗಳು ತಿಕೋಟಾದ ಮೇಲೆಯೇ ಹೋಗುತ್ತವೆ. ಬಿಸಿಲು ಏರುವ ಮೊದಲೇ ಹೋಗಿ. ಪಡದೊಳಗೆ ಕಾಲಿಡುವ ಮುನ್ನ ಮನೆಯವರನ್ನು ಕೇಳಿ. ಔಷಧ ಹೊಡೆದ ದಿನವಾದರೆ ಅವರೇ ಬೇಡವೆನ್ನುತ್ತಾರೆ. ಗೊಂಚಲನ್ನು ಕೈಯಿಂದ ಹಿಚುಕಿ ನೋಡಬೇಡಿ. ಪರೀಕ್ಷೆ ಮುಗಿಸಿದ ಮಕ್ಕಳಿದ್ದರೆ ಅವರನ್ನು ಕರೆದೊಯ್ಯಿರಿ. ಏಪ್ರಿಲ್ ಮೊದಲ ವಾರದಲ್ಲಿ ಬಳ್ಳಿಯ ಹಣ್ಣು ಮುಗಿಯುತ್ತ ಬಂದಿದ್ದರೂ ಶೆಡ್ಡುಗಳು ತುಂಬಿರುತ್ತವೆ. ನೆರಳಿನಲ್ಲಿ ಚಾಪೆ ಹಾಸಿ ಹೆಂಗಸರು ಒಣಗಿದ ಹಣ್ಣಿನ ತೊಟ್ಟು ಬಿಡಿಸುತ್ತ, ಹಸಿರು ಬೇರೆ, ಹಳದಿ ಬೇರೆ, ಕಪ್ಪು ಬೇರೆ ಎಂದು ಆರಿಸುತ್ತ ಕೂತಿರುತ್ತಾರೆ. ಪಕ್ಕದಲ್ಲಿ ಕೂತರೆ ನಿಮಗೂ ಒಂದು ಮೊರ ಕೊಡುತ್ತಾರೆ.